ಗೋಧಿಗೆ ಸಿಕ್ಕ ಗಮನ ಭತ್ತಕ್ಕೆ ಸಿಕ್ಕಿತೇ? ಧಾನ್ಯಗಳ ವರ್ಣತಂತು ಪ್ರೋಟೀನುಗಳ ಒಂದು ಸಮೀಕ್ಷೆ

ಕುಚ್ಚಲಕ್ಕಿ ಮಿಲ್ಲಿನ ತೌಡಿನಿಂದ ಎಣ್ಣೆ ತೆಗೆಯಬಹುದು, ಅದನ್ನು ದನಕ್ಕೆ ಹಾಕಬಹುದು. ಅದರೊಳಗೆ ಭ್ರೂಣದ ಕೋಶಕೇಂದ್ರಗಳನ್ನು ಹುಡುಕಿ ಹೊರಟವರು ಮಾತ್ರ ಬರಿಗೈಯಲ್ಲಿ ಮರಳಬೇಕು. ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸಿದಾಗಲೇ ಭ್ರೂಣ ಸತ್ತಿರುತ್ತದೆ, ಒಳಗಿನ ಡಿಎನ್‌ಎ ಮತ್ತು ಅದಕ್ಕೆ ಅಂಟಿಕೊಂಡ ಪ್ರೋಟೀನುಗಳ ವ್ಯವಸ್ಥೆ ಕದಡಿ ಹೋಗಿರುತ್ತದೆ. ಬೆಳ್ತಿಗೆ ಅಕ್ಕಿಯ ತೌಡಾದರೆ ಪರವಾಗಿಲ್ಲ ಅನ್ನೋಣವೆಂದರೆ ಅಲ್ಲಿ ಬೇರೆ ತಕರಾರು: ಪಾಲಿಶ್ ಮಾಡುವಾಗ ಭ್ರೂಣ ಪುಡಿಯಾಗಿ ಸಿಪ್ಪೆಯ ಜೊತೆ ಬೆರೆಯುತ್ತದೆ, ಕೊಬ್ಬನ್ನು ಒಡೆಯುವ ಕಿಣ್ವಗಳು ಒಡನೆ ಕೆಲಸ ಶುರುಮಾಡಿ ತೌಡು ಬೇಗನೆ ಕಮಟಾಗುತ್ತದೆ. ಗೋಧಿ ಹಿಟ್ಟಿನ ದೊಡ್ಡ ಗಿರಣಿಗಳಲ್ಲಿ ಹಾಗಲ್ಲ. ಅಲ್ಲಿ ಭ್ರೂಣ ಚಪ್ಪಟೆ ಚೂರಾಗಿ ಪ್ರತ್ಯೇಕವಾಗಿ ಹೊರಬೀಳುತ್ತದೆ, ಮೂಟೆಗಟ್ಟಲೆ ಕೊಳ್ಳಲು ಸಿಗುತ್ತದೆ. ಧಾನ್ಯಗಳ ವರ್ಣತಂತುವಿನಲ್ಲಿ ಡಿಎನ್‌ಎಯನ್ನು ಹಿಡಿದುಕೊಂಡಿರುವ ಪ್ರೋಟೀನುಗಳ ಬಗ್ಗೆ ಮೊದಲು ತಿಳಿದದ್ದೆಲ್ಲ ಗೋಧಿಯಿಂದ ಯಾಕೆ ಬಂತು, ಅರ್ಧ ಲೋಕಕ್ಕೆ ಅನ್ನವಾದ ಭತ್ತ ಯಾಕೆ ತಡವಾಗಿ ಸರದಿಗೆ ಬಂತು ಎಂಬುದಕ್ಕೆ ಕಾರಣ ಮುಕ್ಕಾಲು ಪಾಲು ಇಲ್ಲೇ ಇದೆ. ಸಿದ್ಧಾಂತದ ಆಯ್ಕೆಗಿಂತ ಹೆಚ್ಚಾಗಿ ಕಚ್ಚಾವಸ್ತುವಿನ ಲಭ್ಯತೆ ಈ ಶಾಸ್ತ್ರದ ದಾರಿಯನ್ನು ತೀರ್ಮಾನಿಸಿತು ಎಂಬುದು ಈ ಲೇಖನದ ವಾದ.

ಮೊದಲು ಒಂದು ಲೆಕ್ಕ. ಭತ್ತದ ಒಂದು ಕೋಶದಲ್ಲಿ 24 ವರ್ಣತಂತುಗಳು. 2005ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೊಂದು ಪೂರ್ತಿಗೊಳಿಸಿದ ಜೀನೋಮ್ ಓದಿನಂತೆ ಒಂದು ಜೊತೆಯ ಅರ್ಧದಲ್ಲಿ, ಅಂದರೆ 12 ವರ್ಣತಂತುಗಳಲ್ಲಿ, ಸುಮಾರು 38.9 ಕೋಟಿ ಅಕ್ಷರ ಜೋಡಿಗಳಿವೆ. ಭಾರತದ ಪ್ರಯೋಗಾಲಯಗಳು ಈ ಒಕ್ಕೂಟದಲ್ಲಿ 11ನೆಯ ವರ್ಣತಂತುವಿನ ಒಂದು ಭಾಗವನ್ನು ಓದಿದವು. ಇಡೀ ಕೋಶದ ಡಿಎನ್‌ಎಯನ್ನು ನೇರಗೊಳಿಸಿ ಇಟ್ಟರೆ ಸುಮಾರು 26 ಸೆಂಟಿಮೀಟರ್. ಗೋಧಿಯ 42 ವರ್ಣತಂತುಗಳದ್ದು ಹಾಗೆ ಬಿಡಿಸಿದರೆ 11 ಮೀಟರಿನಷ್ಟು. ಇದೆಲ್ಲ ಮಿಲಿಮೀಟರಿನ ನೂರನೆಯ ಒಂದು ಭಾಗವೂ ಇಲ್ಲದ ಕೋಶಕೇಂದ್ರದೊಳಗೆ ಹಿಡಿಯಬೇಕು; ಹಿಡಿದರೆ ಸಾಲದು, ಬೇಕಾದ ಜಾಗ ಬೇಕಾದಾಗ ತೆರೆದುಕೊಳ್ಳಬೇಕು. ಸುತ್ತುವ ಕೆಲಸ ಹಿಸ್ಟೋನುಗಳದ್ದು. ಎಂಟು ಹಿಸ್ಟೋನುಗಳ ಗುಂಪಿಗೆ 147 ಅಕ್ಷರ ಜೋಡಿಗಳಷ್ಟು ಡಿಎನ್‌ಎ ಸುತ್ತಿಕೊಂಡರೆ ಒಂದು ನ್ಯೂಕ್ಲಿಯೋಸೋಮ್. ಭತ್ತದ ಒಂದು ಕೋಶದಲ್ಲಿ ಇಂಥವು ಸುಮಾರು 40 ಲಕ್ಷ ಇರಬೇಕೆಂದು ಲೆಕ್ಕ ಹಾಕಬಹುದು. ಇವುಗಳ ಮಧ್ಯೆ ಓಡಾಡುತ್ತ, ಡಿಎನ್‌ಎಯನ್ನು ಬಾಗಿಸುತ್ತ, ಕಟ್ಟು ಸಡಿಲಿಸುತ್ತ ಇರುವ ಸಣ್ಣ ಪ್ರೋಟೀನುಗಳ ಇನ್ನೊಂದು ಪಂಗಡವಿದೆ. ಅದಕ್ಕೆ ಎಚ್‌ಎಂಜಿ (ಹೈ ಮೊಬಿಲಿಟಿ ಗ್ರೂಪ್) ಎಂದು ಹೆಸರು. ಮೂರನೆಯದು, ಒಂದೊಂದು ಜೀನಿನ ಬಾಗಿಲಲ್ಲಿ ನಿರ್ದಿಷ್ಟ ಅಕ್ಷರಸಾಲನ್ನು ಗುರುತಿಸಿ ಕೂರುವ ನಿಯಂತ್ರಕಗಳು. ಮೊದಲ ಎರಡು ಪಂಗಡಗಳು ಹೇರಳ, ಮೂರನೆಯದು ವಿರಳ. ಶುದ್ಧೀಕರಣದ ಕಷ್ಟಸುಖವೆಲ್ಲ ಈ ಹೇರಳ-ವಿರಳದ ಮೇಲೆ ನಿಂತಿದೆ.

ಹಿಸ್ಟೋನುಗಳ ಕತೆ ಶುರುವಾದದ್ದು ಸಸ್ಯದಲ್ಲಲ್ಲ, ಹೆಬ್ಬಾತಿನ ರಕ್ತದಲ್ಲಿ. ಹಕ್ಕಿಗಳ ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಇರುತ್ತದೆ, ರಕ್ತ ಸುಲಭವಾಗಿ ಸಿಗುತ್ತದೆ. 1884ರಲ್ಲಿ ಆಲ್ಬ್ರೆಕ್ಟ್ ಕೊಸೆಲ್ ಅದನ್ನು ಆಮ್ಲದಿಂದ ತೊಳೆದು ಹಿಸ್ಟೋನನ್ನು ಬೇರ್ಪಡಿಸಿದ. 1910ರಲ್ಲಿ ಅವನಿಗೆ ನೊಬೆಲ್ ಬಂತು. ಆಮೇಲಿನ ಅರ್ಧ ಶತಮಾನ ಕರುವಿನ ಥೈಮಸ್ ಗ್ರಂಥಿಯದ್ದು: ಕಸಾಯಿಖಾನೆಯಲ್ಲಿ ಕಿಲೋಗಟ್ಟಲೆ ಸಿಗುತ್ತಿತ್ತು, ಕೋಶಗಳಲ್ಲಿ ಕೋಶಕೇಂದ್ರವೇ ಬಹುಪಾಲು. ಸಸ್ಯ ಈ ಚಿತ್ರದೊಳಗೆ ಬಂದದ್ದು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿದ್ದ ಜೇಮ್ಸ್ ಬಾನರ್ ಬಟಾಣಿಯ ಕಡೆಗೆ ತಿರುಗಿದಾಗ. 1962ರಲ್ಲಿ ರು-ಚಿ ಹುವಾಂಗ್ ಮತ್ತು ಬಾನರ್, ಹಿಸ್ಟೋನ್ ಅಂಟಿಕೊಂಡ ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾಗುವುದು ಕುಂಠಿತವಾಗುತ್ತದೆ ಎಂದು ತೋರಿಸಿದರು. ಕಟ್ಟಿ ಇಡುವ ಪ್ರೋಟೀನು ಜೀನನ್ನು ಮುಚ್ಚಿಡುವ ಪ್ರೋಟೀನೂ ಹೌದು ಎಂಬ ಮಾತಿಗೆ ಅಲ್ಲಿಂದ ಬಲ ಬಂತು. 1969ರಲ್ಲಿ ಬಾನರ್ ಗುಂಪೂ ಇತರರೂ ಸೇರಿ ಹಿಸ್ಟೋನಿನ ಐದು ಬಗೆಗಳಲ್ಲಿ ಒಂದಾದ ಎಚ್4ನ್ನು ಬಟಾಣಿಯಿಂದಲೂ ಕರುವಿನಿಂದಲೂ ತೆಗೆದು ಅಮೈನೋ ಆಮ್ಲ ಒಂದೊಂದಾಗಿ ಹೋಲಿಸಿ ನೋಡಿದರು. 102ರಲ್ಲಿ ವ್ಯತ್ಯಾಸ ಬರೀ ಎರಡು. ದನಕ್ಕೂ ಅದು ಮೇಯುವ ಗಿಡಕ್ಕೂ ಕವಲೊಡೆದು ನೂರು ಕೋಟಿ ವರ್ಷಕ್ಕೂ ಮಿಕ್ಕಿ ಸಂದಿದ್ದರೂ ಈ ಪ್ರೋಟೀನು ಅಲುಗಾಡಿಲ್ಲ. ಜೀವಶಾಸ್ತ್ರದಲ್ಲಿ ಇದಕ್ಕಿಂತ ಬೆರಗಿನ ಹೋಲಿಕೆಗಳು ಹೆಚ್ಚಿಲ್ಲ ಎಂದೇ ನನಗನ್ನಿಸುತ್ತದೆ.

ಎಚ್4 ಇಷ್ಟು ಸ್ಥಿರವಾಗಿದ್ದರೆ ಧಾನ್ಯವನ್ನು ಬೇರೆಯಾಗಿ ನೋಡುವುದು ಯಾಕೆ ಎಂದು ಕೇಳಬಹುದು. ಉಳಿದವು ಅಷ್ಟು ಸ್ಥಿರವಲ್ಲ ಎಂಬುದೇ ಉತ್ತರ. ಗೋಧಿಯ ಎಚ್2ಎ ಹಿಸ್ಟೋನಿಗೆ ಪ್ರಾಣಿಗಳದ್ದಕ್ಕಿಂತ ಉದ್ದನೆಯ ಬಾಲವಿದೆ, ಆ ಬಾಲಕ್ಕೆ ಡಿಎನ್‌ಎಯ ಮೇಲೆ ತನ್ನದೇ ಹಿಡಿತವಿದೆ. ನ್ಯೂಕ್ಲಿಯೋಸೋಮುಗಳ ನಡುವಿನ ಕೊಂಡಿಯಾದ ಎಚ್1 ಅಂತೂ ಜಾತಿಯಿಂದ ಜಾತಿಗೆ ಸಾಕಷ್ಟು ಬದಲಾಗುತ್ತದೆ. ಎಚ್‌ಎಂಜಿ ಪಂಗಡದಲ್ಲಿ ಸಸ್ಯಕ್ಕೂ ಪ್ರಾಣಿಗೂ ಇರುವ ದೂರ ಇನ್ನೂ ಹೆಚ್ಚು.

ಎಚ್‌ಎಂಜಿಯನ್ನು ಕಂಡವರು ಲಂಡನ್ನಿನ ಅರ್ನೆಸ್ಟ್ ಜಾನ್ಸ್, ಗ್ರಹಾಂ ಗುಡ್‌ವಿನ್, ಕ್ಲೈವ್ ಸ್ಯಾಂಡರ್ಸ್, ವರ್ಷ 1973, ಪದಾರ್ಥ ಮತ್ತೆ ಕರುವಿನ ಥೈಮಸ್. ಅವರ ವಿಧಾನ ಸರಳವಾಗಿತ್ತು. ಕೋಶಕೇಂದ್ರದ ವಸ್ತುವನ್ನು 0.35 ಮೋಲಾರ್ ಉಪ್ಪುನೀರಿನಲ್ಲಿ ಕದಡುವುದು, ಅಂದರೆ ಲೀಟರಿಗೆ ಸುಮಾರು 20 ಗ್ರಾಂ ಅಡುಗೆ ಉಪ್ಪು. ಮಲ್ಪೆಯ ಸಮುದ್ರದ ನೀರಿಗಿಂತ ಸಾಕಷ್ಟು ಸಪ್ಪೆ. ಈ ಪ್ರಮಾಣಕ್ಕೆ ಹಿಸ್ಟೋನುಗಳು ಡಿಎನ್‌ಎಯನ್ನು ಬಿಡುವುದಿಲ್ಲ. ಎಚ್1 ಬಿಟ್ಟುಬರಬೇಕಾದರೆ 0.5ರಿಂದ 0.6 ಮೋಲಾರ್ ಬೇಕು, ಎಚ್3 ಮತ್ತು ಎಚ್4 ಸಡಿಲಗೊಳ್ಳಲು ಸುಮಾರು 2 ಮೋಲಾರ್‌ವರೆಗೂ ಹೋಗಬೇಕು. 0.35ಕ್ಕೆ ಬಿಟ್ಟುಬರುವವು ಸಡಿಲವಾಗಿ ಅಂಟಿಕೊಂಡವು ಮಾತ್ರ. ಆ ದ್ರಾವಣಕ್ಕೆ ಶೇ. 2ರಷ್ಟು ಟ್ರೈಕ್ಲೋರೋ ಅಸಿಟಿಕ್ ಆಮ್ಲ ಸೇರಿಸಿದರೆ ದೊಡ್ಡ ಪ್ರೋಟೀನುಗಳೆಲ್ಲ ಗರಣೆಗಟ್ಟಿ ತಳಕ್ಕೆ ಬೀಳುತ್ತವೆ; ಮೇಲೆ ಕರಗಿಯೇ ಉಳಿಯುವ ಸಣ್ಣವು ಜೆಲ್‌ನಲ್ಲಿ ವೇಗವಾಗಿ ಓಡುತ್ತವೆ. ಅವೇ ಎಚ್‌ಎಂಜಿ. ಅವುಗಳ ಅಮೈನೋ ಆಮ್ಲಗಳನ್ನು ಎಣಿಸಿದಾಗ ವಿಚಿತ್ರ ಕಂಡಿತು: ಸುಮಾರು ಕಾಲುಭಾಗ ಧನ ಆವೇಶದವು, ಹೆಚ್ಚುಕಡಿಮೆ ಅಷ್ಟೇ ಋಣ ಆವೇಶದವು. ಹಿಸ್ಟೋನಿನಂತೆ ಒಂದೇ ಕಡೆಗೆ ವಾಲಿದ್ದಲ್ಲ.

ಇಲ್ಲಿ ಒಂದು ಎಚ್ಚರದ ಮಾತು ಬೇಕು. ಜೆಲ್‌ನಲ್ಲಿ ಒಂದು ಪಟ್ಟೆ ಕಂಡಿತೆಂದು ಅದು ಹೊಸ ಪ್ರೋಟೀನು ಎಂದು ಹೆಸರಿಟ್ಟ ಉತ್ಸಾಹಕ್ಕೆ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಕರುವಿನ ಪಟ್ಟಿಯಲ್ಲಿದ್ದ ಎಚ್‌ಎಂಜಿ-8 ಎಂಬುದು ಎಚ್1 ಹಿಸ್ಟೋನು ತುಂಡಾಗಿ ಉಂಟಾದ ಚೂರು ಎಂದು ಆಮೇಲೆ ತಿಳಿಯಿತು. ಎಚ್‌ಎಂಜಿ-3, ಎಚ್‌ಎಂಜಿ-1ರ ಮುರುಕು. ಎಚ್‌ಎಂಜಿ-20 ಎಂಬುದಂತೂ ಜೀವಲೋಕದಲ್ಲೆಲ್ಲ ಹಂಚಿಹೋಗಿರುವ ಯುಬಿಕ್ವಿಟಿನ್ ಆಗಿತ್ತು. ಇಪ್ಪತ್ತರ ಪಟ್ಟಿ ಕರಗಿ ಕೊನೆಗೆ ನಿಂತದ್ದು ಬೆರಳೆಣಿಕೆಯವು: 1, 2, 14, 17, ಮತ್ತು ಬೇರೆ ದಾರಿಯಲ್ಲಿ ಬಂದ ಐ/ವೈ ಜೋಡಿ. ಪ್ರೋಟೀನು ಒಡೆಯುವ ಕಿಣ್ವಗಳ ಬಾಯಿ ಕಟ್ಟದೆ ಶುದ್ಧೀಕರಣಕ್ಕೆ ಇಳಿದರೆ ಆಗುವುದೇ ಹೀಗೆ.

ಸಸ್ಯದಲ್ಲಿ ಎಚ್‌ಎಂಜಿ ಇದೆಯೇ? 1978ರಲ್ಲಿ ಸ್ಟೀವನ್ ಸ್ಪೈಕರ್, ಜೇಮ್ಸ್ ಮಾರ್ಡಿಯನ್, ಇರ್ವಿನ್ ಐಸೆನ್‌ಬರ್ಗ್ ಇದೆ ಎಂದರು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಮೂರು ಜೀವಸಾಮ್ರಾಜ್ಯಗಳಲ್ಲೂ ಇವೆ ಎಂಬ ಘೋಷಣೆಯಿತ್ತು. ಸಸ್ಯದ ಪ್ರತಿನಿಧಿ ಗೋಧಿಯ ಭ್ರೂಣ. 1984ರಲ್ಲಿ ಸ್ಪೈಕರ್ ಗೋಧಿಯ ಭ್ರೂಣದ ನಾಲ್ಕು ಎಚ್‌ಎಂಜಿಗಳನ್ನು ಶುದ್ಧಪಡಿಸಿ ಎ, ಬಿ, ಸಿ, ಡಿ ಎಂದು ಕರೆದರು. ಇವುಗಳಲ್ಲಿ ಯಾವುದೂ ಕರುವಿನ ಎಚ್‌ಎಂಜಿಗಳ ಜೊತೆ ಜೆಲ್‌ನಲ್ಲಿ ಸಮಸಮ ಓಡಲಿಲ್ಲ. ಆದ್ದರಿಂದ ಹೋಲಿಕೆಯನ್ನು ಬಿಟ್ಟು ನಿಯಮದ ಮೇಲೆ ಗುರುತಿಸಬೇಕಾಯಿತು: 0.35 ಮೋಲಾರ್ ಉಪ್ಪಿಗೆ ಬಿಡಬೇಕು, ಶೇ. 2 ಆಮ್ಲದಲ್ಲಿ ಕರಗಬೇಕು, ತೂಕ 30,000 ಡಾಲ್ಟನ್‌ಗಿಂತ ಕಡಿಮೆ ಇರಬೇಕು, ಧನ ಋಣ ಎರಡೂ ಆವೇಶ ಹೇರಳವಾಗಿರಬೇಕು. ಹೆಸರಿನ ಆಸೆ ಬಿಟ್ಟು ಗುಣಲಕ್ಷಣದ ಮೇಲೆ ನಿಂತ ಈ ಸಂಯಮವನ್ನು ನಾನು ಆ ಕೆಲಸದ ದೊಡ್ಡಸ್ತಿಕೆ ಎಂದು ಎಣಿಸುತ್ತೇನೆ. ಅದರ ನಡುವೆಯೇ, 1983ರಲ್ಲಿ ಸ್ಪೈಕರ್, ಮೈಕೇಲ್ ಮರ್ರೆ, ವಿಲಿಯಂ ಥಾಂಪ್ಸನ್ ಗೋಧಿ ಭ್ರೂಣದ ಇಡಿಯಾದ ಕೋಶಕೇಂದ್ರಗಳಿಗೆ ಡಿಎನ್‌ಎ ಕತ್ತರಿಸುವ ಡಿಎನೇಸ್-1 ಕಿಣ್ವ ಹಾಕಿ ನೋಡಿ, ಕೆಲಸದಲ್ಲಿರುವ ಜೀನುಗಳು ಮೊದಲು ಕತ್ತರಿಗೆ ಸಿಗುತ್ತವೆ ಎಂದು ತೋರಿಸಿದ್ದರು. ಕೋಳಿಯಲ್ಲಿ ವೈನ್‌ಟ್ರಾಬ್ ಮತ್ತು ಗ್ರೌಡೀನ್ 1976ರಲ್ಲಿ ಕಂಡದ್ದು ಧಾನ್ಯದಲ್ಲೂ ನಿಜವಾಯಿತು.

ಪ್ರಯೋಗಾಲಯದ ಒಳಗೆ ಇದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಫಲಿತಾಂಶದ ಅರ್ಧ ಸತ್ಯಾಸತ್ಯತೆ ಇಲ್ಲೇ ನಿರ್ಧಾರವಾಗುತ್ತದೆ. ಎಲೆಯಿಂದ ಶುರುಮಾಡಿದವರು ಪಡುವ ಪಾಡು ಬೇರೆಯೇ. ಸಸ್ಯಕೋಶಕ್ಕೆ ಗಟ್ಟಿ ಗೋಡೆ. ಒಡೆಯಲು ಬಲ ಹಾಕಿದರೆ ಕೋಶಕೇಂದ್ರವೂ ಒಡೆಯುತ್ತದೆ. ಒಳಗಿನ ದೊಡ್ಡ ರಸಕೋಶ ಒಡೆದರೆ ಆಮ್ಲ ಮತ್ತು ಕಿಣ್ವಗಳು ಎಲ್ಲೆಡೆ ಹರಿಯುತ್ತವೆ. ಫೀನಾಲ್ ವಸ್ತುಗಳು ಗಾಳಿ ತಾಗಿ ಕಂದಾಗಿ ಪ್ರೋಟೀನಿಗೆ ಅಂಟುತ್ತವೆ. ಹೆಚ್ಚಿದ ಬಾಳೆಕಾಯಿ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಹಸಿರುಕಣಗಳು ಕೋಶಕೇಂದ್ರದ ಜೊತೆಗೇ ತಳಕ್ಕೆ ಇಳಿಯುತ್ತವೆ. ಒಣಬೀಜದ ಭ್ರೂಣಕ್ಕೆ ಇವುಗಳಲ್ಲಿ ಹೆಚ್ಚಿನ ತೊಂದರೆಗಳಿಲ್ಲ: ದೊಡ್ಡ ರಸಕೋಶವಿಲ್ಲ, ಹಸಿರಿಲ್ಲ, ಕೋಶಗಳು ಸಣ್ಣವು, ಕೋಶಕೇಂದ್ರದ ಪಾಲು ದೊಡ್ಡದು. 1957ರಲ್ಲಿ ಜಾನ್‌ಸ್ಟನ್ ಮತ್ತು ಸ್ಟರ್ನ್ ಗೋಧಿ ಬೀಜವನ್ನು ಒಡೆದು, ಜರಡಿ ಹಿಡಿದು, ಸೈಕ್ಲೋಹೆಕ್ಸೇನ್ ಮತ್ತು ಕಾರ್ಬನ್ ಟೆಟ್ರಾಕ್ಲೋರೈಡ್ ಮಿಶ್ರಣದಲ್ಲಿ ತೇಲಿಸಿ ಜೀವಂತ ಭ್ರೂಣಗಳನ್ನು ರಾಶಿಯಾಗಿ ಪಡೆಯುವ ವಿಧಾನ ಕೊಟ್ಟಿದ್ದರು. ಹಿಟ್ಟು ಮುಳುಗುತ್ತದೆ, ಕೊಬ್ಬುಳ್ಳ ಭ್ರೂಣ ತೇಲುತ್ತದೆ. ಭತ್ತಕ್ಕೂ ಈ ತತ್ವ ಹೊಂದುತ್ತದೆ. ಆದರೆ ಕಾಳಿನ ತೂಕದಲ್ಲಿ ಭ್ರೂಣ ಶೇ. 2ರಿಂದ 3 ಮಾತ್ರ, ಮೊದಲು ಉಮಿ ಬೇರೆ ಬಿಡಿಸಬೇಕು.

ಭ್ರೂಣವನ್ನು ಮಂಜುಗಡ್ಡೆಯ ತಂಪಿನಲ್ಲಿ, ಸಕ್ಕರೆ ಮತ್ತು ಮೆಗ್ನೀಸಿಯಂ ಇರುವ ದ್ರಾವಣದಲ್ಲಿ ಅರೆಯುತ್ತಾರೆ. ಸಕ್ಕರೆ ಕೋಶಕೇಂದ್ರ ಊದಿ ಒಡೆಯದಂತೆ ನೋಡಿಕೊಳ್ಳುತ್ತದೆ, ಮೆಗ್ನೀಸಿಯಂ ಅದನ್ನು ಗಟ್ಟಿಯಾಗಿ ಇಡುತ್ತದೆ. ಬಟ್ಟೆಯಲ್ಲಿ ಸೋಸಿ, ಟ್ರೈಟನ್ ಎಂಬ ಸೌಮ್ಯ ಮಾರ್ಜಕ ಹಾಕಿ ಉಳಿದ ಪೊರೆಗಳನ್ನು ಕರಗಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕೋಶಕೇಂದ್ರಗಳನ್ನು ಇಳಿಸುತ್ತಾರೆ. ಪಿಎಂಎಸ್‌ಎಫ್‌ನಂಥ ಕಿಣ್ವರೋಧಕ ಮೊದಲ ಹನಿಯಿಂದಲೇ ಇರಬೇಕು. ಪಿಷ್ಟದ ಕಣಗಳು ಕೋಶಕೇಂದ್ರದ ಜೊತೆಗೇ ಬರುವುದು ಧಾನ್ಯದ ವಿಶೇಷ ಕಾಟ. ಪರ್ಕಾಲ್ ಎಂಬ ದಟ್ಟ ದ್ರಾವಣದ ಪದರಗಳ ಮೇಲೆ ಹಾಕಿ ತಿರುಗಿಸಿದರೆ ಅವು ಕೆಳಕ್ಕೆ ಹೋಗುತ್ತವೆ. ಮುಂದೆ ಉಪ್ಪು, ಆಮ್ಲ, ಅಸಿಟೋನು, ಆಮೇಲೆ ಅಯಾನು ವಿನಿಮಯದ ಕೊಳವೆ. ತಡ್ಪೆಯಲ್ಲಿ ಕೇರಿದಂತೆ ಪ್ರತಿ ಹಂತದಲ್ಲೂ ಹಾರಿಹೋಗುವುದೇ ಹೆಚ್ಚು, ಉಳಿಯುವುದು ಕಡಿಮೆ. ಕೇರುವವರು ಹಾರಿಹೋದದ್ದನ್ನೂ ಒಮ್ಮೆ ಮುಟ್ಟಿ ನೋಡಬೇಕು. ಹಿಸ್ಟೋನು ಮಾತ್ರ ಸಾಕಾದವರಿಗೆ ದಾರಿ ಗಿಡ್ಡದು: ಕೋಶಕೇಂದ್ರವನ್ನು ನೇರವಾಗಿ ಸಾರರಿಕ್ತ ಗಂಧಕಾಮ್ಲ ಇಲ್ಲವೇ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದರೆ ಐದೂ ಬಗೆಯವು ಬರುತ್ತವೆ. ಶೇ. 5 ಪರ್ಕ್ಲೋರಿಕ್ ಆಮ್ಲ ಹಾಕಿದರೆ ಎಚ್1 ಮತ್ತು ಎಚ್‌ಎಂಜಿ ಮಾತ್ರ. ವೇಗ ಬೇಕಾದಾಗ ಈ ದಾರಿಯೇ ಸರಿ. ಆದರೆ ಆಮ್ಲ ಕಂಡ ಪ್ರೋಟೀನು ಡಿಎನ್‌ಎಯನ್ನು ಹಿಡಿಯುವ ತನ್ನ ಮೂಲ ಮಡಿಕೆಯನ್ನು ಕಳೆದುಕೊಂಡಿರಬಹುದು. ಗುರುತಿಸಲು ಆಮ್ಲ, ಗುಣ ಪರೀಕ್ಷಿಸಲು ಉಪ್ಪು ಎಂಬುದು ಬಲ್ಲವರ ಪದ್ಧತಿ.

ಗುಣಪರೀಕ್ಷೆಯ ಉಪಕರಣಗಳು ಬಂದದ್ದು ಒಂದರ ಹಿಂದೊಂದು. 1969ರಲ್ಲಿ ಪಾನ್ಯಿಮ್ ಮತ್ತು ಚಾಕ್ಲಿ ಹಿಸ್ಟೋನುಗಳನ್ನು ಬಿಡಿಸುವ ಆಮ್ಲ-ಯೂರಿಯಾ ಜೆಲ್ ಕೊಟ್ಟರು. ಒಂದು ಅಸಿಟೈಲ್ ಗುಂಪು ಹೆಚ್ಚಾದರೂ ಅದು ಬೇರೆ ಪಟ್ಟೆಯಾಗಿ ತೋರಿಸುತ್ತದೆ. 1978ರಲ್ಲಿ ಗಲಾಸ್ ಮತ್ತು ಶ್ಮಿಟ್ಜ್, ಪ್ರೋಟೀನು ಕೂತ ಜಾಗವನ್ನು ಡಿಎನೇಸ್ ಕತ್ತರಿಸಲಾರದು ಎಂಬುದನ್ನೇ ಹಿಡಿದು ಹೆಜ್ಜೆಗುರುತಿನ ವಿಧಾನ ಮಾಡಿದರು. 1981ರಲ್ಲಿ ಎರಡು ಗುಂಪುಗಳು, ಪ್ರೋಟೀನು ಅಂಟಿದ ಡಿಎನ್‌ಎ ಜೆಲ್‌ನಲ್ಲಿ ಹಿಂದೆ ಬೀಳುತ್ತದೆ ಎಂಬ ಸರಳ ಪರೀಕ್ಷೆಯನ್ನು ಬಳಕೆಗೆ ತಂದವು. ಈ ಕೊನೆಯದು ಇಂದಿಗೂ ಪದವಿ ವಿದ್ಯಾರ್ಥಿಗೆ ಕೈಗೆಟಕುವ ಪರೀಕ್ಷೆ. ಹೇರಳವಿರುವ ಎಚ್‌ಎಂಜಿಗಳು ಯಾವ ಡಿಎನ್‌ಎಗಾದರೂ ಅಂಟುತ್ತವೆ, ಹಾಗಾಗಿ ಅಂಟಿತು ಎಂಬ ಒಂದೇ ಮಾತು ಸಾಲದು; ಯಾವ ಆಕಾರಕ್ಕೆ, ಎಷ್ಟು ಬಿಗಿಯಾಗಿ, ಸ್ಪರ್ಧೆಗೆ ಬೇರೆ ಡಿಎನ್‌ಎ ಹಾಕಿದಾಗ ಎಷ್ಟು ಉಳಿಯಿತು ಎಂಬುದನ್ನು ಹೇಳಬೇಕು. ಹಳೆಯ ಪ್ರಬಂಧಗಳನ್ನು ಓದುವಾಗ ನಾನು ಮೊದಲು ನೋಡುವುದು ಸ್ಪರ್ಧೆಯ ಸಾಲು ಇದೆಯೇ ಎಂದು.

1990ರ ಹೊತ್ತಿಗೆ ದಾರಿ ಕವಲೊಡೆಯಿತು. ಜರ್ಮನಿಯ ಕ್ಲಾಸ್ ಗ್ರಾಸರ್ ಮತ್ತು ಗುಂಟರ್ ಫೈಕ್ಸ್ 1991ರಲ್ಲಿ ಮೆಕ್ಕೆಜೋಳದ ಎಚ್‌ಎಂಜಿಯ ಜೀನನ್ನೇ ಹಿಡಿದರು. ಪ್ರೋಟೀನಿನ ಅಕ್ಷರಸಾಲು ಕೈಗೆ ಬಂದ ಮೇಲೆ ಚಿತ್ರ ತಿಳಿಯಾಯಿತು. ಪ್ರಾಣಿಯ ಎಚ್‌ಎಂಜಿ-1ರಲ್ಲಿ ಡಿಎನ್‌ಎಯನ್ನು ಬಾಗಿಸುವ ‘ಎಚ್‌ಎಂಜಿ ಪೆಟ್ಟಿಗೆ’ ಎಂಬ ಭಾಗ ಎರಡು. ಸಸ್ಯದ ಈ ಕುಟುಂಬದ ಪ್ರೋಟೀನುಗಳಲ್ಲಿ ಒಂದೇ, ಅದರ ಹಿಂದುಮುಂದಿನ ಬಾಲಗಳು ಬೇರೆ ಬೇರೆ ಉದ್ದದವು. ಎಟಿ ಅಕ್ಷರಗಳು ತುಂಬಿದ ಡಿಎನ್‌ಎಯ ಕಿರಿದಾದ ತೋಡಿಗೆ ಕೊಕ್ಕೆ ಹಾಕುವ ಇನ್ನೊಂದು ಕುಟುಂಬದಲ್ಲಿ (ಐ/ವೈ ಜೋಡಿ ಇದರದ್ದೇ) ಪ್ರಾಣಿಗೆ ಮೂರು ಕೊಕ್ಕೆ, ಸಸ್ಯಕ್ಕೆ ನಾಲ್ಕು. ಪ್ರಾಣಿಯ 14 ಮತ್ತು 17ಕ್ಕೆ ಸಸ್ಯದಲ್ಲಿ ಜೊತೆಗಾರರೇ ಇಲ್ಲ. 2001ರಲ್ಲಿ ಹೆಸರುಗಳನ್ನು ಎಚ್‌ಎಂಜಿಎ, ಎಚ್‌ಎಂಜಿಬಿ, ಎಚ್‌ಎಂಜಿಎನ್ ಎಂದು ಮರುಹೊಂದಿಸಿದ ಮೇಲೆ ಗೊಂದಲ ತಗ್ಗಿತು. ಭತ್ತ ರಂಗಕ್ಕೆ ಬಂದದ್ದು ಜೀನು ಹಿಡಿಯುವ ಈ ಹಂತದಲ್ಲಿ: 1994ರಲ್ಲಿ ನಿಯೆಟೊ-ಸೊಟೆಲೊ, ಇಚಿಡಾ, ಕ್ವೇಲ್ ಭತ್ತದಿಂದ ಪಿಎಫ್1 ಎಂಬ ಕೊಕ್ಕೆ ಪ್ರೋಟೀನನ್ನು ವರದಿಮಾಡಿದರು, ಅದನ್ನು ಪತ್ತೆಹಚ್ಚಿದ್ದು ಓಟ್ಸ್ ಗಿಡದ ಬೆಳಕು ಗ್ರಾಹಿ ಜೀನೊಂದರ ಎಟಿ ಸಾಲನ್ನು ಗಾಳವಾಗಿ ಹಿಡಿದು. 2003ರಲ್ಲಿ ಸಿಂಗಪುರದ ಒಂದು ಗುಂಪು ಭತ್ತದ ಎಚ್‌ಎಂಜಿಬಿ1 ಡಿಎನ್‌ಎಯನ್ನು ಚೆನ್ನಾಗಿ ಬಾಗಿಸುತ್ತದೆ ಎಂದು ತೋರಿಸಿತು.

ಗಮನಿಸಿ, ಇವೆರಡರಲ್ಲೂ ಮುಖ್ಯ ಕೆಲಸ ನಡೆದದ್ದು ಜೀನಿನಿಂದ. ಪ್ರೋಟೀನು ತಯಾರಾದದ್ದು ಬ್ಯಾಕ್ಟೀರಿಯಾದಲ್ಲಿ. ಭ್ರೂಣ ಅರೆಯುವ ಗೋಜಿಲ್ಲ, ಪಿಷ್ಟದ ಕಾಟವಿಲ್ಲ, ಮಿಲಿಗ್ರಾಂಗಟ್ಟಲೆ ಶುದ್ಧ ಪ್ರೋಟೀನು. 1997ರಲ್ಲಿ ಜೂರಿಚ್‌ನಲ್ಲಿ ಕ್ಯಾರೊಲಿನ್ ಲ್ಯೂಗರ್, ತಿಮೊತಿ ರಿಚ್ಮಂಡ್ ಮತ್ತಿತರರು ನ್ಯೂಕ್ಲಿಯೋಸೋಮಿನ ರಚನೆಯನ್ನು 2.8 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಬಿಡಿಸಿಟ್ಟದ್ದೂ ಬ್ಯಾಕ್ಟೀರಿಯಾ ತಯಾರಿಸಿದ ಹಿಸ್ಟೋನುಗಳಿಂದ. ಗೆಲುವು ದೊಡ್ಡದು. ಆದರೆ ಬ್ಯಾಕ್ಟೀರಿಯಾ ಭತ್ತದ ಕೋಶವಲ್ಲ. ಗಿಡದೊಳಗೆ ಈ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟುತ್ತದೆ, ಅಸಿಟೈಲ್ ಅಂಟುತ್ತದೆ, ಮೆಕ್ಕೆಜೋಳದ ಎಚ್‌ಎಂಜಿಗಳ ನಡತೆ ಸಿಕೆ2 ಎಂಬ ಕಿಣ್ವ ಫಾಸ್ಫೇಟ್ ಹಚ್ಚಿದಾಗ ಬದಲಾಗುವುದನ್ನು ಗ್ರಾಸರ್ ಗುಂಪೇ ತೋರಿಸಿದೆ. ಗೋಧಿಯಲ್ಲಿ ಗಿಡದಿಂದ ಪ್ರೋಟೀನಿಗೆ, ಪ್ರೋಟೀನಿನಿಂದ ಜೀನಿಗೆ ಎಂಬ ಕ್ರಮವಿತ್ತು. ಭತ್ತದಲ್ಲಿ ಅದು ತಿರುಗುಮುರುಗಾಯಿತು. ಭತ್ತದ ಜೀನುಗಳ ಬಗ್ಗೆ ಜಗತ್ತಿಗೆ ಗೊತ್ತಿರುವಷ್ಟು, ಗಿಡದೊಳಗೆ ಆ ಪ್ರೋಟೀನುಗಳು ಹೊತ್ತ ಗುರುತುಗಳ ಬಗ್ಗೆ ಗೊತ್ತಿಲ್ಲದಿರುವುದಕ್ಕೆ ಈ ಅದಲುಬದಲೇ ಕಾರಣವೆಂದು ನನ್ನ ತೀರ್ಪು.

ಕರ್ನಾಟಕದಲ್ಲಿ ಏನಾಯಿತು? ವರ್ಣತಂತು ಪ್ರೋಟೀನುಗಳ ಶುದ್ಧೀಕರಣಕ್ಕೆ ನಮ್ಮಲ್ಲಿ ಪರಂಪರೆಯೇ ಇದೆ, ಅದು ಧಾನ್ಯದ್ದಲ್ಲ ಅಷ್ಟೆ. ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಲಿಯ ವೃಷಣದ ಕೋಶಕೇಂದ್ರಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನುಗಳು ಜಾಗ ಬಿಟ್ಟು ಟಿಪಿ1, ಟಿಪಿ2 ಎಂಬ ಪ್ರೋಟೀನುಗಳು ಬಂದು ಕೂರುತ್ತವೆ. ಟಿಪಿ2 ಸತುವನ್ನು ಹಿಡಿದುಕೊಂಡು ಡಿಎನ್‌ಎಯ ಜೊತೆ ವ್ಯವಹರಿಸುವ ಬಗೆಯನ್ನು ಅವರ ಗುಂಪು ಬಿಡಿಸಿ ಹೇಳಿತು. ಬಳಸಿದ್ದು ಇದೇ ಉಪ್ಪು, ಇದೇ ಆಮ್ಲ. 2003ರಿಂದ 2013ರವರೆಗೆ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಅಧ್ಯಕ್ಷರಾಗಿದ್ದ ಅವರಿಗೆ 2010ರಲ್ಲಿ ಪದ್ಮಶ್ರೀ ಬಂತು, 2023ರಲ್ಲಿ ಅವರು ತೀರಿಕೊಂಡರು.

ಧಾನ್ಯದ ಕಡೆಯ ಕೆಲಸ ಭಾರತೀಯ ವಿಜ್ಞಾನ ಸಂಸ್ಥೆಯದ್ದೇ ಇನ್ನೊಂದು ವಿಭಾಗದಲ್ಲಿ, ಉಷಾ ವಿಜಯರಾಘವನ್ ಅವರ ಪ್ರಯೋಗಾಲಯದಲ್ಲಿ ನಡೆಯಿತು. ಅವರು ಹಿಡಿದದ್ದು ಮೂರನೆಯ, ವಿರಳ ಪಂಗಡದ ಪ್ರೋಟೀನು: ಓಎಸ್‌ಮ್ಯಾಡ್ಸ್1. ಇದು ಭತ್ತದ ಹೂವಿನಲ್ಲಿ ನಿರ್ದಿಷ್ಟ ಡಿಎನ್‌ಎ ಸಾಲುಗಳ ಮೇಲೆ ಕೂತು ಜೀನುಗಳನ್ನು ನಡೆಸುತ್ತದೆ. ಭತ್ತದ ಉಮಿ ಉಮಿಯಾಗುವುದು ಇದರಿಂದ. ಇದನ್ನು ಕುಗ್ಗಿಸಿದರೆ ಉಮಿಯ ಎರಡು ಹೋಳುಗಳು ಎಲೆಯಂತೆ ಬೆಳೆದು, ಒಳಗಿನ ಅಂಗಗಳು ಕೆಡುತ್ತವೆ. 2005ರ ಪ್ರಬಂಧದಲ್ಲಿ ಅವರ ಗುಂಪು ಇದನ್ನು ತೋರಿಸಿತು. 2013ರಲ್ಲಿ ಇಮ್ತಿಯಾಜ್ ಖಂಡೇ ಮತ್ತಿತರರ ಜೊತೆ, ಇದು ಯಾವ ಯಾವ ನಿಯಂತ್ರಕಗಳನ್ನು, ಹಾರ್ಮೋನು ಮಾರ್ಗಗಳನ್ನು ಕೈಯಲ್ಲಿಟ್ಟುಕೊಂಡಿದೆ ಎಂದು ಬಿಡಿಸಿತು. ಇಂಥ ವಿರಳ ಪ್ರೋಟೀನನ್ನು ಕಿಲೋಗಟ್ಟಲೆ ಹೂವಿನಿಂದ ಶುದ್ಧೀಕರಿಸುವ ಮಾತೇ ಇಲ್ಲ. ಪ್ರೋಟೀನನ್ನು ಅದು ಕೂತ ಡಿಎನ್‌ಎಗೆ ಫಾರ್ಮಾಲ್ಡಿಹೈಡ್‌ನಿಂದ ಅಂಟಿಸಿ, ಪ್ರತಿಕಾಯದಿಂದ ಹೆಕ್ಕಿ, ಡಿಎನ್‌ಎಯನ್ನು ಓದುವುದೇ ದಾರಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಪಿ.ವಿ. ಶಿವಪ್ರಸಾದ್ ಅವರ ಗುಂಪು ಹಿಸ್ಟೋನಿನ ಕಡೆಗೇ ಹೊರಳಿದೆ. ಭತ್ತದ ಕುಲದಲ್ಲಿ ಕಾಣುವ ಎಚ್4ರ ಒಂದು ಬದಲಿ ರೂಪ ಉಪ್ಪಿನ ಒತ್ತಡಕ್ಕೆ ಗಿಡ ಸ್ಪಂದಿಸುವುದರಲ್ಲಿ ಪಾತ್ರವಹಿಸುತ್ತದೆ ಎಂಬುದು ಅವರ ಶೋಧ. ಬಟಾಣಿಗೂ ಕರುವಿಗೂ ಎರಡೇ ವ್ಯತ್ಯಾಸವಿದ್ದ ಎಚ್4 ಇದೇ! ಅಲುಗದ ಪ್ರೋಟೀನು ಎಂದು ಪಠ್ಯಪುಸ್ತಕಗಳು ಕೈಬಿಟ್ಟಲ್ಲಿ ಭತ್ತ ಒಂದು ಅಪವಾದ ಇಟ್ಟುಕೊಂಡಿತ್ತು. ರಾಗಿಯ ಮಾತು ಬೇರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಎಂಎಲ್-365 ತಳಿಯ ಜೀನೋಮನ್ನು 2017ರಲ್ಲಿ ಪ್ರಕಟಿಸಿದ ಮೇಲೆ ಅಲ್ಲೂ ಪ್ರೋಟೀನಿನ ಕೆಲಸಕ್ಕೆ ನಕಾಶೆ ಸಿಕ್ಕಿದೆ.

ಇದೆಲ್ಲ ನಮ್ಮ ಕರಾವಳಿಗೆ ಯಾಕೆ? ಸ್ವರ್ಣಾ ನದಿ ಕಾರ್ಕಳದ ಕಡೆಯ ಘಟ್ಟದಿಂದ ಇಳಿದು, ಬಜೆಯ ಅಣೆಕಟ್ಟು ದಾಟಿ, ಕಲ್ಯಾಣಪುರದ ಬದಿಯಿಂದ ಸಮುದ್ರಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ತಗ್ಗಿನ ಬಯಲಿಗೆ ನೆರೆ, ಬೇಸಿಗೆಯಲ್ಲಿ ಉಬ್ಬರದ ಜೊತೆ ಒಳನುಗ್ಗುವ ಉಪ್ಪುನೀರು. ಭತ್ತ ಈ ಎರಡನ್ನೂ ಎದುರಿಸುವುದು ಡಿಎನ್‌ಎಯ ಮೇಲೆ ಕೂತ ಪ್ರೋಟೀನುಗಳ ಮೂಲಕವೇ. ಜಪಾನಿನ ಸುಜಿ ಮತ್ತು ನಕಾಜೊನೊ ಅವರ ಗುಂಪು 2006ರಲ್ಲಿ, ಭತ್ತದ ಸಸಿ ನೀರಿನಲ್ಲಿ ಮುಳುಗಿದಾಗ ಗಾಳಿಯಿಲ್ಲದೆ ಬದುಕಲು ಬೇಕಾದ ಎಡಿಎಚ್1, ಪಿಡಿಸಿ1 ಜೀನುಗಳ ಮೇಲಿನ ಎಚ್3 ಹಿಸ್ಟೋನಿಗೆ ಹೊಸ ಗುರುತುಗಳು ಅಂಟುವುದನ್ನೂ, ನೀರು ಇಳಿದ ಮೇಲೆ ಅವು ಹಿಂದಿನ ಸ್ಥಿತಿಗೆ ಬರುವುದನ್ನೂ ಅಳೆಯಿತು. ಅದೇ ವರ್ಷ ವರದಿಯಾದ, ಒಡಿಶಾದ ಎಫ್‌ಆರ್13ಎ ತಳಿಯಿಂದ ಬಂದ ಸಬ್1ಎ ಜೀನು ತಯಾರಿಸುವುದು ಕೂಡ ಡಿಎನ್‌ಎಗೆ ಅಂಟುವ ನಿಯಂತ್ರಕವನ್ನೇ. ಸ್ವರ್ಣ ತಳಿಗೆ ಅದನ್ನು ಸೇರಿಸಿದ್ದರಿಂದ ಸುಮಾರು ಎರಡು ವಾರ ಮುಳುಗಿದರೂ ಚೇತರಿಸಿಕೊಳ್ಳುವ ಭತ್ತ ರೈತರಿಗೆ ಸಿಕ್ಕಿತು. ವರ್ಣತಂತುವಿನ ನಡುಗಂಟಿನಲ್ಲಿ ಎಚ್3ರ ಜಾಗಕ್ಕೆ ಕೂರುವ ಸಿಇಎನ್‌ಎಚ್3 ಹಿಸ್ಟೋನು ತಳಿ ಅಭಿವೃದ್ಧಿಯ ಉಪಕರಣವೇ ಆಗಿದೆ. 2010ರಲ್ಲಿ ಮಾರುತಾಚಲಂ ರವಿ ಮತ್ತು ಸೈಮನ್ ಚಾನ್ ಸಾಸಿವೆಯ ಸಂಬಂಧಿ ಗಿಡವೊಂದರಲ್ಲಿ ಅದನ್ನು ಬದಲಾಯಿಸಿ, ಒಬ್ಬ ಪೋಷಕನ ವರ್ಣತಂತು ಮಾತ್ರ ಉಳಿಯುವ ಸಂತತಿ ಪಡೆದರು; 2020ರಲ್ಲಿ ಗೋಧಿಯಲ್ಲೂ ಅದು ಸಾಧ್ಯವಾಯಿತು. ಸ್ಥಿರ ತಳಿಗೆ ಹಲವು ತಲೆಮಾರು ಕಾಯುವ ಕೆಲಸ ಇದರಿಂದ ಎರಡು ತಲೆಮಾರಿಗೆ ಇಳಿಯುತ್ತದೆ.

ಉಡುಪಿ ಜಿಲ್ಲೆಯಲ್ಲೂ ಅದರ ನೆರೆಯಲ್ಲೂ ಬೇಕಾದ ಸಾಮಗ್ರಿ ಇದೆ, ಒಟ್ಟಿಗೆ ಇಲ್ಲ. ಬ್ರಹ್ಮಾವರದ ವಲಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕರಾವಳಿಯ ತಳಿಗಳಿವೆ, ನೆರೆಯ ಗದ್ದೆಗಾಗಿ ಹೊರತಂದ ಸಹ್ಯಾದ್ರಿ ಪಂಚಮುಖಿ ಇದೆ. ಗದ್ದೆಗಳಲ್ಲಿ ಎಂಓ-4 ತಳಿ ಹಬ್ಬಿದೆ. ಉತ್ತರ ಕನ್ನಡದ ಗಜನಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಉಪ್ಪು ತಾಳುವ ಕಗ್ಗ ತಳಿ ಉಳಿದಿದೆ. ಮಣಿಪಾಲದ ಜೀವವಿಜ್ಞಾನ ಶಾಲೆಯಲ್ಲಿ ಜೀನು ಮತ್ತು ಪ್ರೋಟೀನು ಓದುವ ಪರಿಣತಿ ಇದೆ, ಅದರ ಒಲವು ಸಹಜವಾಗಿ ಮನುಷ್ಯರ ರೋಗಗಳ ಕಡೆಗೆ. ಕಲ್ಯಾಣಪುರ ಬ್ರಹ್ಮಾವರಕ್ಕೂ ಮಣಿಪಾಲಕ್ಕೂ ನಡುವೆ ಬೀಳುತ್ತದೆ, ಎರಡೂ ಕಡೆಗೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಇಲ್ಲಿನ, ಕಾಪುವಿನ, ಕಾರ್ಕಳದ ಪದವಿ ಕಾಲೇಜುಗಳಲ್ಲಿ ಜೀವರಸಾಯನ, ಸಸ್ಯಶಾಸ್ತ್ರ ಕಲಿಯುವ ವಿದ್ಯಾರ್ಥಿಗಳು ಪ್ರತಿ ವರ್ಷ ಪ್ರಾಜೆಕ್ಟ್ ಹುಡುಕುತ್ತಾರೆ. ಅಡುಗೆ ಉಪ್ಪು, ಎರಡು ಆಮ್ಲ, ಮಂಜುಗಡ್ಡೆ, ಒಂದು ತಂಪು ಸೆಂಟ್ರಿಫ್ಯೂಜ್, ಒಂದು ಜೆಲ್ ಪೆಟ್ಟಿಗೆ: ಭತ್ತದ ಭ್ರೂಣದ ಹಿಸ್ಟೋನು ಮತ್ತು ಎಚ್‌ಎಂಜಿಯನ್ನು ಬೇರ್ಪಡಿಸಲು ಇಷ್ಟಿದ್ದರೆ ಮೊದಲ ಹಂತ ದಾಟಬಹುದು. ದ್ರವ್ಯರಾಶಿ ರೋಹಿತಮಾಪನದಿಂದ (ಮಾಸ್ ಸ್ಪೆಕ್ಟ್ರೋಮೆಟ್ರಿ) ಅಂಟಿದ ಗುರುತುಗಳನ್ನು ಓದುವ ಎರಡನೆಯ ಹಂತಕ್ಕೆ ಮಾತ್ರ ದೊಡ್ಡ ಸಂಸ್ಥೆಯ ಬಾಗಿಲು ತಟ್ಟಬೇಕು.

ಅಧ್ಯಾಪಕರಲ್ಲಿ ಒಂದು ವಿನಂತಿ. ಇನ್ನೊಂದು ಕಷಾಯದ ಬ್ಯಾಕ್ಟೀರಿಯಾ ನಿರೋಧಕ ಶಕ್ತಿಯನ್ನು ಅಳೆಯುವ ಪ್ರಾಜೆಕ್ಟಿನ ಬದಲು ಈ ವರ್ಷ ಇದನ್ನು ಕೊಡಿ: ಎಂಓ-4 ಮತ್ತು ಕಗ್ಗದ ಬೀಜವನ್ನು ಸಿಹಿನೀರಿನಲ್ಲಿ ಒಂದು ಪಾಲು, ಉಪ್ಪುನೀರಿನಲ್ಲಿ ಒಂದು ಪಾಲು ಮೊಳಕೆ ಬರಿಸಿ, ಕೋಶಕೇಂದ್ರ ತೆಗೆದು, ಆಮ್ಲದಲ್ಲಿ ಕರಗಿದ್ದನ್ನು ಒಂದೇ ಜೆಲ್‌ನಲ್ಲಿ ಅಕ್ಕಪಕ್ಕ ಓಡಿಸಲಿ. ಪಕ್ಕದಲ್ಲಿ ಗೋಧಿಯದ್ದೂ ಇರಲಿ, ಹೋಲಿಕೆಗೆ. ಕಿಣ್ವರೋಧಕ ಹಾಕಿದ್ದು, ಹಾಕದ್ದು ಎರಡನ್ನೂ ಇಟ್ಟು, ಮುರುಕಿಗೂ ಮೂಲಕ್ಕೂ ವ್ಯತ್ಯಾಸ ಕಲಿಯಲಿ. ಬಂದ ಪಟ್ಟೆಗಳನ್ನು, ಬಾರದೇ ಹೋದವನ್ನೂ, ಬರೆದು ಬ್ರಹ್ಮಾವರದ ತಳಿ ವಿಜ್ಞಾನಿಗಳಿಗೆ ಒಂದು ಪ್ರತಿ ಕಳಿಸಲಿ.